ಎಕ್ಸ್‌ಅರೇನಲ್ಲಿ ಇಂಡೆಕ್ಸ್ ಮಾಯ ಆದ್ರೆ ಎರರ್ ಬರ್ಲೇಬೇಕು ಅಂತೇನಿಲ್ಲ

ಪೈಥಾನ್ ಎಕ್ಸ್‌ಅರೇ (ಲೇಬಲ್ ಇರೋ ಅರೇಗಳ ಲೈಬ್ರರಿ) ಬಳಸೋರು ಇದನ್ನ ಒಂದ್ಸಲ ಓದ್ಕೊಳಿ, ಮೊನ್ನೆ ನಂದು ಅರ್ಧ ದಿನ ಇದ್ರಲ್ಲೇ ಹೋಯ್ತು. ಮಳೆ ಡೇಟಾದಲ್ಲಿ ಸ್ಟೇಷನ್ ಕೋಡ್ ಅನ್ನೋ ಕೋಆರ್ಡಿನೇಟನ್ನ (ಲೇಬಲ್‌ಗಳ ಪಟ್ಟಿ) ರಿನೇಮ್ ಮಾಡಿ ಡೈಮೆನ್ಷನ್ (ಅರೇಯ ಅಕ್ಷ) ಹೆಸರನ್ನೇ ಕೊಟ್ಟೆ, ಹಳೇ ವರ್ಷನ್‌ನಲ್ಲಿ ಹಂಗೆ ಮಾಡಿದ್ರೆ ಇಂಡೆಕ್ಸ್ (ಲೇಬಲ್ ನೋಡಿ ಡೇಟಾ ಹುಡುಕೋ, ಹೊಂದ್ಸೋ ವ್ಯವಸ್ಥೆ) ತಾನಾಗೇ ಬರ್ತಿತ್ತು, 2022ರಲ್ಲಿ ಇಂಡೆಕ್ಸ್ ಕೆಲ್ಸ ಎಲ್ಲಾ ಬದಲಾದ್ಮೇಲೆ ಬರಲ್ಲ, ಬರೀ ಒಂದು ವಾರ್ನಿಂಗ್ ಕೊಡತ್ತೆ (ವಾರ್ನಿಂಗ್ ಯಾರ್ ಓದ್ತಾರೆ ಹೇಳಿ). ಸೆಲ್ (ಲೇಬಲ್ ಕೊಟ್ಟು ಡೇಟಾ ಆರಿಸೋದು) ಮಾಡಿದ್ರೆ ಕೀಎರರ್ ಬರತ್ತೆ, ಅದು ಪರ್ವಾಗಿಲ್ಲ, ಗೊತ್ತಾದ್ರೂ ಆಗತ್ತೆ. ಆದ್ರೆ ಎರಡು ಅರೇ ಕೂಡಿಸಿದ್ರೆ ಸೈಜ್ ಒಂದೇ ಇದ್ಯಾ ಅಂತ ಮಾತ್ರ ನೋಡಿ ಇದ್ದ ಜಾಗದ ಪ್ರಕಾರ ಕೂಡಿಸ್ಬಿಡತ್ತೆ, ಸ್ಟೇಷನ್ ಆರ್ಡರ್ ಬೇರೆ ಇದ್ರೆ ಒಂದೂರಿನ ಮಳೆ ಇನ್ನೊಂದೂರಿಗೆ!

ಇನ್ನೂ ಖತರ್ನಾಕ್ ಅಂದ್ರೆ ಡ್ರಾಪ್ ವಾರ್ಸ್ (ಕೋಆರ್ಡಿನೇಟ್ ತೆಗೆದುಹಾಕೋ ಫಂಕ್ಷನ್). ಇಯರ್ ಕೋಆರ್ಡಿನೇಟ್ ಪೂರ್ತಿ ತೆಗೆದ್ಮೇಲೂ ಸೆಲ್‌ಗೆ ಇಯರ್ 5 ಅಂತ ಕೊಟ್ಟರೆ ಅದು ಐಸೆಲ್ (ಸೊನ್ನೆಯಿಂದ ಎಣಿಸಿ ಜಾಗದ ಪ್ರಕಾರ ಆರಿಸೋದು) ತರ ಆರನೇ ಸಾಲು ಕೊಡತ್ತೆ, ಚಕಾರ ಎತ್ತಲ್ಲ.

ನಾನೀಗ ಮಾಡೋದು ಇಷ್ಟೇ: ರಿನೇಮ್ ಬದ್ಲು ಸ್ವಾಪ್ ಡಿಮ್ಸ್, ಇಲ್ಲಾಂದ್ರೆ ರಿನೇಮ್ ಆದ್ಮೇಲೆ ಸೆಟ್ ಎಕ್ಸ್‌ಇಂಡೆಕ್ಸ್, ಎರಡೂ ಇಂಡೆಕ್ಸ್ ಮಾಡ್ಕೊಡ್ತವೆ. ಆಮೇಲೆ ಪ್ರಿಂಟ್ ಮಾಡಿ ಕೋಆರ್ಡಿನೇಟ್ ಹೆಸರಿನ ಎಡಗಡೆ ನಕ್ಷತ್ರ ಇದ್ಯಾ ನೋಡ್ತೀನಿ, ಇಲ್ಲ ಅಂದ್ರೆ ಇಂಡೆಕ್ಸ್ ಇಲ್ಲ ಅಂತಾನೇ ಅರ್ಥ. ಅರಿತ್ಮೆಟಿಕ್ ಜಾಯಿನ್ ಆಪ್ಷನ್ನೂ (ಲೆಕ್ಕ ಮಾಡುವಾಗ ಲೇಬಲ್ ಹೆಂಗೆ ಹೊಂದಿಸ್ಬೇಕು ಅನ್ನೋದು) ಎಕ್ಸಾಕ್ಟ್‌ಗೆ (ಹೊಂದದಿದ್ರೆ ಎರರ್) ಇಟ್ಕೊಳಿ, ಡಿಫಾಲ್ಟ್ ಇನ್ನರ್ ಇರೋದ್ರಿಂದ ಹೊಂದದೇ ಇರೋ ಲೇಬಲ್‌ಗಳು ಸದ್ದಿಲ್ದೆ ಉದುರ್ಹೋಗ್ತವೆ. ಆದ್ರೆ ಇಂಡೆಕ್ಸೇ ಇಲ್ದಿದ್ರೆ ಎಕ್ಸಾಕ್ಟ್ ಕೂಡ ಏನೂ ಹಿಡಿಯಲ್ಲ, ಮೊದ್ಲು ನಕ್ಷತ್ರ ನೋಡಿ.