ಘಟ್ಟದ ಮೇಲೆ ಮನೆಯೋ, ಹೋಂಸ್ಟೇಯೋ: 11 ತಿಂಗಳ ಲೆಕ್ಕ

ಘಟ್ಟದ ಮೇಲೊಂದು ಮನೆ ಬೇಕು ಎಂಬ ಆಸೆ ಮಂಗಳೂರಿನವರಿಗೆ ಏಪ್ರಿಲ್ ಸೆಕೆಯಲ್ಲಿ ಹುಟ್ಟುತ್ತದೆ. ಮನೆ ನೋಡಲು ಹೋಗುವುದೂ ಆಗಲೇ. ಆದರೆ ಅಲ್ಲಿನ ಮನೆಯ ಗುಣ ತಿಳಿಯುವುದು ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ. ಹಾಗಾಗಿ ಚಾರ್ಮಾಡಿ ಘಾಟಿ ಹತ್ತಿದ ಮೇಲೆ ಸಿಗುವ ಕೊಟ್ಟಿಗೆಹಾರದ ಸಮೀಪ ಮಾರಾಟಕ್ಕಿದ್ದ ಹಂಚಿನ ಮನೆಯನ್ನು ಮೊದಲು 11 ತಿಂಗಳ ಕರಾರಿಗೆ ಬಾಡಿಗೆ ಹಿಡಿದೆವು. ನೋಟ್‌ಬುಕ್ಕಿನಲ್ಲಿ ಮೂರು ಕಾಲಮ್ಮು: ಉಳಿದ ರಾತ್ರಿಗಳು, ಖರ್ಚು, ಕೆಟ್ಟುಹೋದದ್ದು.

ಒಟ್ಟು ಉಳಿದದ್ದು 19 ರಾತ್ರಿ. ಮಂಗಳೂರಿನಿಂದ ಬೆಳ್ತಂಗಡಿ, ಉಜಿರೆ, ಚಾರ್ಮಾಡಿ ಮೂಲಕ ದೂರ ಸುಮಾರು 100 ಕಿ.ಮೀ. ಅಷ್ಟೇ. ಆದರೂ ಶಾಲೆ, ಮದುವೆ, ಊರಿನ ಭೂತಕೋಲ, ಜಾತ್ರೆ ಕಳೆದರೆ ಬಿಡುವಿನ ವಾರಾಂತ್ಯ ತಿಂಗಳಿಗೆ ಒಂದು ಸಿಕ್ಕರೆ ಹೆಚ್ಚು. ಮಳೆಗಾಲದಲ್ಲಿ ಅದೂ ಇಲ್ಲ. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚಿದ್ದು ನೆನಪಿರಬಹುದು. ಶಿರಾಡಿಯಲ್ಲಿ ಸಕಲೇಶಪುರಕ್ಕೆ ಹತ್ತಿ ಮೂಡಿಗೆರೆಗೆ ಸುತ್ತಿ ಬರಬಹುದು, ಆದರೆ ಜೋರು ಮಳೆಗೆ ಆ ಘಾಟಿಯನ್ನೂ ನಂಬುವಂತಿಲ್ಲ.

ಇನ್ನು ಹಣದ ಲೆಕ್ಕ. ಮನೆಗೆ ಕೇಳಿದ ಬೆಲೆ 40 ಲಕ್ಷ. ಬ್ಯಾಂಕಿನಲ್ಲಿಟ್ಟರೆ 7%ರಂತೆ ವರ್ಷಕ್ಕೆ 2,80,000 ಬಡ್ಡಿ. ಮನೆ ಕೊಂಡರೆ ಅದು ಕೈತಪ್ಪುತ್ತದೆ. ದಿನಕ್ಕೊಮ್ಮೆ ಬಂದು ನೋಡುವವರಿಗೆ ತಿಂಗಳಿಗೆ 6,000, ಅಂದರೆ 72,000. ಹಂಚು, ಬಣ್ಣ, ಗೆದ್ದಲು ಮದ್ದಿಗೆ 50,000. ಕರೆಂಟು, ಪಂಚಾಯತ್ ತೆರಿಗೆ, ಇನ್ವರ್ಟರ್ ಬ್ಯಾಟರಿಯ ಸವಕಳಿ 18,000. ಒಟ್ಟು 4,20,000. ಅದೇ ಭಾಗದ ಹೋಂಸ್ಟೇಯಲ್ಲಿ ನಾಲ್ವರಿಗೆ ಊಟ-ತಿಂಡಿ ಸೇರಿ ರಾತ್ರಿಗೆ 9,000. ಸ್ವಂತ ಮನೆಯಲ್ಲೂ ದಿನಸಿಗೆ ಸಾವಿರ ಬೇಕು, ಹಾಗಾಗಿ ಉಳಿತಾಯ ರಾತ್ರಿಗೆ 8,000. 4,20,000ವನ್ನು 8,000ದಿಂದ ಭಾಗಿಸಿದರೆ 53 ರಾತ್ರಿ. ಜಾಗದ ಬೆಲೆ ವರ್ಷಕ್ಕೆ 4% ಏರುತ್ತದೆ ಎಂದು ಹಿಡಿದರೂ 33 ರಾತ್ರಿ ಉಳಿಯಲೇಬೇಕು. ಇದರಲ್ಲಿ ಮುದ್ರಾಂಕ ಮತ್ತು ನೋಂದಣಿ ಶುಲ್ಕ ಸೇರಿಸಿಲ್ಲ. 40 ಲಕ್ಷಕ್ಕೆ ಅವೇ ಎರಡೂವರೆ ಲಕ್ಷ ದಾಟುತ್ತವೆ.

ಮುಚ್ಚಿಟ್ಟ ಮನೆ ಮಳೆಯಲ್ಲಿ ಕೆಡುವ ವೇಗ ಕರಾವಳಿಯವರಾದ ನಮಗೂ ಹೊಸತು. ನಮ್ಮಲ್ಲಿ ಮಳೆ ಹೊಯ್ದು ಬಿಡುತ್ತದೆ. ಅಲ್ಲಿ ಬಿಡುವುದಿಲ್ಲ, ಮಂಜು ಒಳಗೇ ಬಂದು ಕೂರುತ್ತದೆ. ಹತ್ತಿಯ ಹಾಸಿಗೆಗೆ ಮೂರು ವಾರದಲ್ಲಿ ಬೂಸ್ಟು ಹಿಡಿಯಿತು. ಹಾಸಿಗೆಯನ್ನು ಗೋಡೆಗೆ ತಾಗದಂತೆ ನಿಲ್ಲಿಸಿ, ಕಪಾಟಿನ ಬಾಗಿಲು ತೆರೆದಿಟ್ಟು, ವಾರಕ್ಕೆರಡು ಸಲ ಒಲೆ ಉರಿಸಿದ ಮೇಲೆಯೇ ಹತೋಟಿಗೆ ಬಂದದ್ದು. ನೀರು ಸೋರಿದ್ದು ಒಡೆದ ಹಂಚಿನಿಂದಲ್ಲ. ಎರಡು ಮಾಡು (ಇಳಿಜಾರು ಛಾವಣಿ) ಸೇರುವಲ್ಲಿರುವ ತಗಡಿನ ದೋಣಿಯಲ್ಲಿ ತರಗೆಲೆ ಕಟ್ಟಿಕೊಂಡು ನೀರು ಹಿಮ್ಮೆಟ್ಟಿ ಹಂಚು ಹೊರುವ ಮರದ ಪಕ್ಕಾಸಿಗೆ ಇಳಿಯುತ್ತಿತ್ತು. ಪತ್ತನಾಜೆಯೊಳಗೆ (ಮೇ ಕೊನೆಯ ವಾರದೊಳಗೆ) ಒಮ್ಮೆ, ಮತ್ತೆ ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ದೋಣಿಯ ಕಸ ತೆಗೆಯಲೇಬೇಕು. ಮಂಗ ಹಾರುವ ಕಡೆಯಾದರೆ ಐವತ್ತು ಹಂಚು ಹೆಚ್ಚುವರಿ ಇಟ್ಟುಕೊಳ್ಳಿ, ಅದೇ ಕಾರ್ಖಾನೆಯ ಅಚ್ಚಿನವು. ಬೇರೆ ಅಚ್ಚಿನ ಹಂಚು ಕೂತಂತೆ ಕಂಡರೂ ಗಾಳಿಮಳೆಗೆ ಸಂದಿಯಲ್ಲಿ ನೀರು ಬಿಡುತ್ತದೆ.

ಇನ್ವರ್ಟರ್ ಆನ್ ಇಟ್ಟೇ ಬಾಗಿಲು ಹಾಕಿ ಬಂದರೆ ಬ್ಯಾಟರಿ ಸಾಯುತ್ತದೆ. ಲೋಡ್ ಇಲ್ಲದಿದ್ದರೂ ಅದು ಸ್ವಲ್ಪ ಸ್ವಲ್ಪ ಎಳೆಯುತ್ತಲೇ ಇರುತ್ತದೆ. ನಾಲ್ಕೈದು ದಿನ ಕರೆಂಟು ಬಾರದಿದ್ದರೆ ಪೂರ್ತಿ ಖಾಲಿ. ಖಾಲಿಯಾಗಿ ಕೂತ ಬ್ಯಾಟರಿಯ ಪ್ಲೇಟಿಗೆ ಸಲ್ಫೇಟ್ ಕಟ್ಟಿ ಮತ್ತೆ ಸರಿಯಾಗಿ ಚಾರ್ಜ್ ಹಿಡಿಯುವುದಿಲ್ಲ. ಹೊರಡುವಾಗ ಇನ್ವರ್ಟರ್ ಸ್ವಿಚ್ ಆಫ್ ಮಾಡಿ, ಸಿಡಿಲಿನ ಭಯಕ್ಕೆ ಟಿವಿ, ರೌಟರ್ ಪ್ಲಗ್ಗು ಕಿತ್ತಿಡಿ. ಒರತೆಯಿಂದ ಪೈಪಿನಲ್ಲಿ ನೀರು ತರುವ ಮನೆಯಾದರೆ ಪೈಪಿನ ಬಾಯಿಗೆ ಬಲೆ ಕಟ್ಟಿ. ನಡುವೆ ಪೈಪು ಎತ್ತರ ಹತ್ತಿ ಇಳಿಯುವ ಜಾಗದಲ್ಲಿ ಗಾಳಿ ಕಟ್ಟಿ ನೀರು ನಿಲ್ಲುತ್ತದೆ, ಅಲ್ಲೊಂದು ಟಿ ಹಾಕಿ ಗಾಳಿ ಬಿಡಲು ವಾಲ್ವ್ ಕೂರಿಸಿ.

ಇಷ್ಟಾದರೂ ಕೊಳ್ಳುವವರು ಪಹಣಿ, ಭೂಪರಿವರ್ತನೆ ಆದೇಶ, ಪಂಚಾಯತಿಯ ಆಸ್ತಿ ದಾಖಲೆಗಳಾದ 9 ಮತ್ತು 11ಎ ನಮೂನೆ, 30 ವರ್ಷದ ಇಸಿ (ಋಣಭಾರ ಪ್ರಮಾಣಪತ್ರ) ನೋಡಿ ಸುಮ್ಮನಾಗಬೇಡಿ. ಆ ಸರ್ವೆ ನಂಬರಿಗೆ ಅರಣ್ಯ ಕಾಯ್ದೆಯ ಸೆಕ್ಷನ್ 4 (ಮೀಸಲು ಅರಣ್ಯ ಮಾಡುವ ಮೊದಲ ಅಧಿಸೂಚನೆ) ಅಥವಾ ಡೀಮ್ಡ್ ಅರಣ್ಯದ (ಅಧಿಸೂಚನೆ ಇಲ್ಲದಿದ್ದರೂ ಅರಣ್ಯವೆಂದು ಪರಿಗಣಿಸಿದ ಜಾಗದ) ತಕರಾರು ಇದೆಯೇ ಎಂದು ವಲಯ ಅರಣ್ಯ ಕಚೇರಿಯಲ್ಲಿ ವಿಚಾರಿಸಿ. ಮಲೆನಾಡಿನಲ್ಲಿ ಕಾಗದ ಸರಿಯಿದ್ದೂ ಸಿಕ್ಕಿಬೀಳುವುದು ಇಲ್ಲೇ.

ನಾವು ಕೊಳ್ಳಲಿಲ್ಲ. ಈಗ ಒಂದೇ ಹೋಂಸ್ಟೇಗೆ ವರ್ಷಕ್ಕೆ ನಾಲ್ಕೈದು ಸಲ, ಸಾಧ್ಯವಾದರೆ ಭಾನುವಾರ ಸಂಜೆ ಹೋಗಿ ಮಂಗಳವಾರ ಇಳಿಯುತ್ತೇವೆ. ಶನಿವಾರದ ದರಕ್ಕಿಂತ ಕಡಿಮೆಗೆ ಸಿಗುತ್ತದೆ. ಮುಂಗಡ ಕೊಡುವ ಮೊದಲು ಕೇಳುವುದು ಮೂರು: ಘಾಟಿ ಮುಚ್ಚಿದರೆ ಹಣ ವಾಪಸೋ ದಿನ ಬದಲೋ, ಕರೆಂಟು ಹೋದರೆ ಬಿಸಿನೀರು ಹಂಡೆಯಲ್ಲಿ ಕಾಯಿಸಿ ಕೊಡುತ್ತಾರೋ, ಕೊನೆಯ ಒಂದೆರಡು ಕಿ.ಮೀ. ದಾರಿಗೆ ನಮ್ಮ ಕಾರು ಸಾಕೋ ಜೀಪು ಬೇಕೋ. ಉತ್ತರವನ್ನು ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳುತ್ತೇವೆ.