ನರಸಿಂಹನ ಮೊಣಕಾಲಿಗೂ ಒಂದು ಪಟ್ಟಿ

ಹೋದ ವರ್ಷ ಬಂಧುಗಳೊಬ್ಬರ ಗೃಹಪ್ರವೇಶದಲ್ಲಿ ನೆಲದ ಪಂಕ್ತಿಗೆ ಕುಳಿತಿದ್ದೆ. ಹೋಳಿಗೆ ಎರಡು ಬಾರಿ ಬಂತು, ಮಜ್ಜಿಗೆಯೂ ಆಯಿತು. ಪಂಕ್ತಿಯಿಂದ ಏಳುವುದರಲ್ಲಿ ಒಂದು ತೊಡಕಿದೆ: ಬಲಗೈ ಎಂಜಲು, ಊರಲು ಉಳಿಯುವುದು ಎಡಗೈ ಮಾತ್ರ. ಅದನ್ನು ಊರಿದೆ, ದೇಹ ಮೇಲೇಳಲಿಲ್ಲ. ಪಕ್ಕದ ಹುಡುಗಿ ತೋಳು ಹಿಡಿದು ಎಬ್ಬಿಸಿದಳು. ಎದುರು ಸಾಲಿನಿಂದ ಸೋದರತ್ತೆ, ‘ಏನೇ, ಇಷ್ಟು ದಪ್ಪಗಾಗಿದ್ದೀಯ?’ ಎಂದರು. ಮದುವೆಯಾದ ಹೊಸತರಲ್ಲಿ ‘ಸೊರಗಿ ಕಡ್ಡಿಯಾಗಿದ್ದೀಯ’ ಎಂದವರೂ ಅವರೇ.

ಮರುದಿನವೇ ಜಿಮ್‌ಗೆ ಹಣ ಕಟ್ಟಿದೆ. ಹನ್ನೊಂದು ದಿನ ಹೋದೆ. ದೇಹಕ್ಕೆ ಶಿಕ್ಷೆ ಕೊಡಲು ಹೊರಟರೆ ಅದು ತಪ್ಪಿಸಿಕೊಳ್ಳುವ ದಾರಿ ಹುಡುಕುತ್ತದೆ. ನನ್ನದಕ್ಕೆ ಸೊಂಟನೋವು ಸಿಕ್ಕಿತು. ಆಮೇಲೆ ನಿಧಾನವಾಗಿ ಬೇರೆ ದಾರಿ ಹಿಡಿದೆ. ಅದರ ಕ್ರಮ ಹೀಗಿದೆ.

ಒಂದು: ತೂಕದ ಯಂತ್ರವನ್ನು ಅಟ್ಟಕ್ಕೆ ಹಾಕಿ

ಒಂದೂವರೆ ತಿಂಗಳ ಮಟ್ಟಿಗೆ ಸಾಕು. ತೂಕ ದಿನದಿಂದ ದಿನಕ್ಕೆ ಒಂದೆರಡು ಕಿಲೊ ಅತ್ತಿತ್ತ ಆಗುವುದು ಸಹಜ. ಉಪ್ಪು ಹೆಚ್ಚಾದ ಊಟ, ಮುಟ್ಟಿನ ದಿನಗಳು, ಮಲಬದ್ಧತೆ, ಎಲ್ಲವೂ ಮುಳ್ಳನ್ನು ಅಲುಗಿಸುತ್ತವೆ. ಅದು ಬಹುಪಾಲು ನೀರಿನ ಲೆಕ್ಕ, ಆದರೆ ನಾವು ಅದನ್ನು ನಮ್ಮ ಯೋಗ್ಯತೆಯ ಲೆಕ್ಕವೆಂದು ಓದುತ್ತೇವೆ. ಎತ್ತರ-ತೂಕದಿಂದ ಕಟ್ಟುವ ಬಿಎಂಐ ಸೂತ್ರದ ಮೂಲಪುರುಷ ಬೆಲ್ಜಿಯಂನ ಅಡೋಲ್ಫ್ ಕೆಟ್ಲೆ, 1830ರ ದಶಕದವನು. ಖಗೋಳಶಾಸ್ತ್ರ ಮತ್ತು ಸಂಖ್ಯಾಶಾಸ್ತ್ರ ಬಲ್ಲವನೇ ಹೊರತು ವೈದ್ಯನಲ್ಲ. ಅವನು ಹುಡುಕುತ್ತಿದ್ದುದು ಜನಸಮೂಹದ ಸರಾಸರಿಯನ್ನು. ನಿಮ್ಮನ್ನೋ ನನ್ನನ್ನೋ ಅಲ್ಲ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರಿಗೆ ವೈದ್ಯರು ತೂಕ ನೋಡಿಕೊಳ್ಳಲು ಹೇಳಿದ್ದರೆ ನೋಡಲೇಬೇಕು. ಒಪ್ಪಿಕೊಳ್ಳುವುದೆಂದರೆ ಕಾಯಿಲೆಯ ಕಡೆಗೆ ಕಣ್ಣು ಮುಚ್ಚುವುದಲ್ಲ.

ಯಂತ್ರದ ಬದಲು ಹಳೆಯ ನೋಟ್‌ಬುಕ್ ಇಟ್ಟುಕೊಳ್ಳಿ. ವಾರಕ್ಕೊಮ್ಮೆ ಮೂರು ಸಾಲು: ನಿದ್ದೆ ಹೇಗಿತ್ತು, ತರಕಾರಿ ಚೀಲ ಹಿಡಿದು ಮೆಟ್ಟಿಲು ಹತ್ತುವಾಗ ಎಲ್ಲಿ ನಿಂತೆ, ನೆಲದಿಂದ ಏಳಲು ಎಷ್ಟು ಕೈ ಊರಿದೆ. ನನ್ನ ಪುಸ್ತಕದ ಮೊದಲ ಪುಟದಲ್ಲಿ ‘ಎರಡು ಕೈ, ಜೊತೆಗೆ ಸೋಫಾ’ ಎಂದಿದೆ.

ಎರಡು: ಮಲಗಿ, ದೇಹದ ವರದಿ ಕೇಳಿ

ವ್ಯಾಯಾಮಕ್ಕೆ ಮೊದಲು ಇದು. ರಾತ್ರಿ ಹತ್ತು ನಿಮಿಷ ಚಾಪೆಯ ಮೇಲೆ ಅಂಗಾತ ಮಲಗಿ. ಬೆನ್ನು ನೊಂದರೆ ಮೊಣಕಾಲಡಿ ದಿಂಬು. ಕಾಲಿನ ಹೆಬ್ಬೆರಳಿನಿಂದ ಹೊರಟು ಮೀನಖಂಡ, ಮೊಣಕಾಲು, ತೊಡೆ, ಹೊಟ್ಟೆ, ಎದೆ, ದವಡೆ, ನೆತ್ತಿಯವರೆಗೆ ಗಮನವನ್ನು ನಿಧಾನವಾಗಿ ನಡೆಸಿ. ಶವಾಸನ ಮಾಡಿದವರಿಗೆ ಇದು ಹೊಸದೇನಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಜಾನ್ ಕಬಾಟ್-ಜಿನ್ 1979ರಲ್ಲಿ ಶುರುಮಾಡಿದ ಒತ್ತಡ ನಿವಾರಣೆಯ ತರಬೇತಿಯಲ್ಲೂ ಇಂಥದೇ ಅಭ್ಯಾಸವಿದೆ.

ನಿಯಮ ಒಂದೇ: ಇರುವುದನ್ನು ಹೇಳಿ, ತೀರ್ಪು ಹೇಳಬೇಡಿ. ‘ಬಿಸಿ’, ‘ಬಿಗಿ’, ‘ಜುಮುಜುಮು’, ‘ಭಾರ’, ಇವು ವರದಿ. ‘ಜೋತುಬಿದ್ದಿದೆ’, ‘ಅಸಹ್ಯ’, ಇವು ತೀರ್ಪು. ಹೊಟ್ಟೆಗೆ ಬಂದಾಗ ನನಗೆ ಪ್ರತಿಸಲವೂ ತೀರ್ಪೇ ಮೊದಲು ಬರುತ್ತಿತ್ತು. ಒಂದು ರಾತ್ರಿ ಅಂಗೈಯನ್ನು ಅಲ್ಲಿಟ್ಟೆ. ಸಿಸೇರಿಯನ್ ಹೊಲಿಗೆಯ ಗುರುತಿನ ಮೇಲ್ಭಾಗದಲ್ಲಿ ನಾಲ್ಕು ಬೆರಳಗಲದಷ್ಟು ಜಾಗಕ್ಕೆ ಸ್ಪರ್ಶವೇ ಸರಿಯಾಗಿ ತಿಳಿಯುತ್ತಿರಲಿಲ್ಲ. ಇಪ್ಪತ್ತೆರಡು ವರ್ಷ ಹೊತ್ತುಕೊಂಡೇ ತಿರುಗಿದ್ದೇನೆ, ಗಮನಿಸಿದ್ದು ಅಂದು. ಬೈಯುವುದಕ್ಕೆ ಬಿಟ್ಟರೆ ಆ ಹೊಟ್ಟೆಯ ಕಡೆಗೆ ನಾನು ತಿರುಗಿಯೇ ನೋಡಿರಲಿಲ್ಲ.

ನಿದ್ದೆ ಬಂದರೆ ಬರಲಿ.

ಮೂರು: ಮಾತಾಡುವಷ್ಟು ಉಸಿರು ಉಳಿಸಿಕೊಂಡು ನಡೆಯಿರಿ

‘ಇಳಿದ ಮೇಲೆ ಹಾಕಿಕೊಳ್ಳುತ್ತೇನೆ’ ಎಂದು ಬೀರುವಿನಲ್ಲಿಟ್ಟ ಚೂಡಿದಾರ ಬೇಡ. ಇಂದಿನ ಮೈಗೆ ಸಡಿಲವಾಗಿ ಕೂರುವ ಬಟ್ಟೆ, ಕಚ್ಚದ ಚಪ್ಪಲಿ ಅಥವಾ ಶೂ ಇರಲಿ. ಉದ್ಯಾನವೇ ಬೇಕೆಂದಿಲ್ಲ, ಕೆರೆ ಏರಿಯಾದರೂ ಸರಿ. ಮೊದಲ ವಾರ ದಿನಕ್ಕೆ ಹದಿನೈದು ನಿಮಿಷ. ಪಕ್ಕದವರೊಂದಿಗೆ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಮಧ್ಯಮ ವೇಗವೆಂದರೆ ಅಷ್ಟೇ. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಎಂಬ ಹಟವೂ ಬೇಡ. ಆ ಸಂಖ್ಯೆ 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರದ ಹೆಸರಿನಿಂದ ಹರಡಿದ್ದು. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷದ ಮಧ್ಯಮ ಚಟುವಟಿಕೆ, ಜೊತೆಗೆ ಎರಡು ದಿನ ಸ್ನಾಯುಗಳಿಗೆ ಕೆಲಸ. ಅಲ್ಲಿಗೆ ತಿಂಗಳುಗಳಲ್ಲಿ ತಲುಪಿದರೂ ಅಡ್ಡಿಯಿಲ್ಲ.

ಮೊದಲ ಐದು ನಿಮಿಷ ಮೊಬೈಲ್ ಜೇಬಿನಲ್ಲಿರಲಿ. ಹಿಮ್ಮಡಿ ಊರುವುದು, ಪಾದ ಉರುಳುವುದು, ಹೆಬ್ಬೆರಳು ನೆಲ ಬಿಡುವುದು: ಇಷ್ಟನ್ನು ಗಮನಿಸಿ.

ನಾಲ್ಕು: ಆಸರೆ ತೆಗೆದುಕೊಳ್ಳಿ

ನಮ್ಮಲ್ಲಿ ಅನೇಕರು ವ್ಯಾಯಾಮ ಬಿಡುವುದು ಇಲ್ಲೇ. ಯೋಗದ ತರಗತಿಯಲ್ಲಿ ಪಕ್ಕದವಳ ಹಣೆ ಮೊಣಕಾಲಿಗೆ ತಾಗುತ್ತದೆ, ನಮ್ಮ ಕೈ ಮೀನಖಂಡದಲ್ಲೇ ನಿಲ್ಲುತ್ತದೆ. ಕುರ್ಚಿ ಕೇಳಲು ನಾಚಿಕೆ.

ಹಂಪಿಗೆ ಹೋದಾಗ ಉಗ್ರನರಸಿಂಹನನ್ನು ಇನ್ನೊಮ್ಮೆ ನೋಡಿ. ಕೃಷ್ಣದೇವರಾಯನ ಕಾಲದಲ್ಲಿ, 1528ರಲ್ಲಿ, ಒಂದೇ ಬಂಡೆಯಲ್ಲಿ ಕಡೆದ ಸುಮಾರು 6.7 ಮೀಟರ್ ಎತ್ತರದ ಮೂರ್ತಿ. ಎಲ್ಲರೂ ಆ ಕಣ್ಣುಗಳನ್ನೂ ಹೆಡೆಗಳನ್ನೂ ನೋಡಿ ಬರುತ್ತಾರೆ. ನೀವು ಮೊಣಕಾಲು ನೋಡಿ: ಅಡ್ಡಲಾಗಿ ಅಗಲವಾದ ಪಟ್ಟಿಯಿದೆ. ಅದು ಯೋಗಪಟ್ಟ, ಧ್ಯಾನಕ್ಕೆ ಕುಳಿತಾಗ ಕಾಲಿಗೆ ಆಸರೆ. ಹಿರಣ್ಯಕಶಿಪುವನ್ನು ಸೀಳಿದ ದೇವರಿಗೂ ಕೂರಲು ಪಟ್ಟಿ ಬೇಕಾಗಿದೆ. ನಾವು ಪ್ಲಾಸ್ಟಿಕ್ ಕುರ್ಚಿಗೆ ನಾಚುತ್ತೇವೆ!

ಕುರ್ಚಿ, ಬೆಲ್ಟು, ಮರದ ಇಟ್ಟಿಗೆಗಳನ್ನು ಯೋಗದ ತರಗತಿಗೆ ತಂದು ಜಗತ್ತಿಗೆ ಹಬ್ಬಿಸಿದ ಬಿ.ಕೆ.ಎಸ್. ಅಯ್ಯಂಗಾರ್ ಅವರೂ ನಮ್ಮ ಕೋಲಾರ ಸೀಮೆಯ ಬೆಳ್ಳೂರಿನವರೇ. 1918ರಲ್ಲಿ ಹುಟ್ಟಿದ ಅವರ ಬಾಲ್ಯವನ್ನು ಮಲೇರಿಯಾ, ಟೈಫಾಯಿಡ್, ಕ್ಷಯ ಹಿಂಡಿದ್ದವು. ಮೈ ಬಗ್ಗದಿದ್ದರೆ ಹೇಗಿರುತ್ತದೆಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಎರಡು ಕೆಲಸಗಳಿಂದ ಶುರುಮಾಡಿ. ಕುರ್ಚಿಯ ಬೆನ್ನನ್ನು ಗೋಡೆಗೆ ಒತ್ತಿಡಿ, ಜಾರಬಾರದು. ಅಂಚಿಗೆ ಬಂದು ಕುಳಿತು, ಪಾದಗಳನ್ನು ಸೊಂಟದಗಲಕ್ಕೆ ಊರಿ, ಉಸಿರು ಬಿಡುತ್ತಾ ಎದ್ದು ನಿಲ್ಲಿ. ಉಸಿರೆಳೆಯುತ್ತಾ ಮೂರು ಎಣಿಸುವಷ್ಟು ನಿಧಾನವಾಗಿ ಕೂರಿ. ಧೊಪ್ಪನೆ ಬೀಳಬೇಡಿ, ಲಾಭವಿರುವುದು ಇಳಿಯುವುದರಲ್ಲಿ. ಎಂಟು ಸಲ, ವಾರಕ್ಕೆರಡು ದಿನ. ಕೈ ಊರಬೇಕೆನಿಸಿದರೆ ಊರಿ. ಇನ್ನೊಂದು, ಹಳೆಯ ಶಲ್ಯವನ್ನು ನಾಲ್ಕು ಬೆರಳಗಲಕ್ಕೆ ಮಡಚಿ, ಮಡಚಿದ ಕಂಬಳಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು, ಸೊಂಟದ ಹಿಂದಿನಿಂದ ಮೊಣಕಾಲುಗಳ ಮುಂದಕ್ಕೆ ಸುತ್ತಿ ಕಟ್ಟಿಕೊಳ್ಳಿ. ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಐದು ನಿಮಿಷ ಸಾಕು.

ಸ್ನಾಯು ಎಳೆದಂತಾಗುವುದು ಸರಿ; ಕೀಲಿನೊಳಗೆ ಚುಚ್ಚಿದರೆ ನಿಲ್ಲಿಸಿ. ಎದೆನೋವು, ತಲೆಸುತ್ತು ಬಂದರೆ ಆಸ್ಪತ್ರೆಗೆ. ಗರ್ಭಿಣಿಯರು, ಹೃದಯದ ತೊಂದರೆಯವರು ವೈದ್ಯರನ್ನು ಕೇಳಿಯೇ ಆರಂಭಿಸಲಿ.

ಐದು: ಕನ್ನಡಿ ಮತ್ತು ನೆಂಟರು

ಸ್ನಾನದ ನಂತರ ಕನ್ನಡಿಯ ಮುಂದೆ ‘ನಾನು ಸುಂದರಿ’ ಎಂದು ಹೇಳಿಕೊಳ್ಳಿ ಎನ್ನುವವರಿದ್ದಾರೆ. ನನಗಂತೂ ನಗು ಬರುತ್ತದೆ. ಬೈಯದೆ ಎಣ್ಣೆ ಹಚ್ಚಿಕೊಂಡರೆ ಸಾಕು. ನೆಂಟರಿಗೆ, ‘ಹೌದತ್ತೆ, ಮೊಣಕಾಲು ಈಗ ವಾಸಿ, ನಿಮ್ಮದು ಹೇಗಿದೆ?’ ಎಂದು ಕೇಳಿ. ಮಾತು ತೂಕದಿಂದ ಮೊಣಕಾಲಿಗೆ ಹೋಗುತ್ತದೆ, ಅಲ್ಲಿಂದ ಬೇಗ ಹಿಂತಿರುಗುವುದಿಲ್ಲ. ಆದರೆ ದೇಹದ ಚಿಂತೆಯಲ್ಲಿ ಊಟ ಬಿಡುವುದು, ತಿಂದದ್ದನ್ನು ಕಕ್ಕುವುದು, ಮನೆಯಿಂದ ಹೊರಬರಲೂ ಹಿಂಜರಿಯುವುದು ಕಂಡರೆ ನೋಟ್‌ಬುಕ್ಕು ನಡಿಗೆ ಸಾಲವು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಮೊನ್ನೆ ಒಂದು ಉಪನಯನದಲ್ಲಿ ಮತ್ತೆ ನೆಲದ ಪಂಕ್ತಿ. ತೂಕ ಎಷ್ಟಿದೆಯೋ, ಯಂತ್ರ ಇನ್ನೂ ಅಟ್ಟದಲ್ಲಿದೆ. ಎಲೆ ಮಡಚಿ, ಎಡಗೈ ಊರಿ ಎದ್ದೆ. ಸೋದರತ್ತೆ ಎದುರು ಸಾಲಿನಲ್ಲೇ ಇದ್ದರು. ಇನ್ನೂ ಎದ್ದಿರಲಿಲ್ಲ. ಹೋಗಿ ತೋಳು ಕೊಟ್ಟೆ.