ಮೊದಲು ಹಣ ವಾಪಸ್ ತೆಗೆದು ನೋಡಿದೆ: ಹೊಸಬರಿಗೆ ಪೋಕರ್ ರೂಮ್ ಹುಡುಕಿದ ನನ್ನ ಅನುಭವ

ಐದು ಆನ್‌ಲೈನ್ ರೂಮ್ (ಹಣ ಕಟ್ಟಿ ಪೋಕರ್ ಆಡುವ ಸೈಟ್), ಒಂದೊಂದರಲ್ಲೂ 50 ಪೌಂಡ್, ಹತ್ತಿರ ಹತ್ತಿರ ಆರು ತಿಂಗಳು. ಹಾಕಿದ 250ರಲ್ಲಿ ವಾಪಸ್ ಬಂದದ್ದು 220ರ ಆಸುಪಾಸು. ಹೋದ 30 ಪೌಂಡಿನ ಬಗ್ಗೆ ನನಗೆ ಬೇಸರವಿಲ್ಲ. ಹೊಸಬರನ್ನು ಯಾವ ರೂಮಿಗೆ ಕಳಿಸಬೇಕು ಎಂದು ಈಗ ಲೆಕ್ಕ ಇಟ್ಟು ಹೇಳಬಲ್ಲೆ. ನಮ್ಮ ಗುಂಪಿನಲ್ಲಿ ಬೇರೆ ಯಾರ ಹತ್ತಿರವೂ ಈ ಲೆಕ್ಕ ಇರಲಿಲ್ಲ.

ನಾನಿರುವುದು ಇಂಗ್ಲೆಂಡಿನ ರೆಡಿಂಗ್‌ನಲ್ಲಿ. ಕೆಲಸ ಸಾಫ್ಟ್‌ವೇರ್ ಟೆಸ್ಟಿಂಗ್. ಆಫೀಸಿನ ಇಬ್ಬರು ಕನ್ನಡದ ಹುಡುಗರು ಒಂದು ದಿನ ಬಂದು, "ಅಣ್ಣಾ, ಒಂದು ಪೆನ್ನಿ ಎರಡು ಪೆನ್ನಿ ಟೇಬಲ್‌ನಿಂದ ಶುರು ಮಾಡ್ತೀವಿ, ಎಲ್ಲಿ ಆಡೋದು?" ಎಂದರು. ನಮ್ಮ ಭಾನುವಾರದ ಗುಂಪಿನಲ್ಲಿ ಕೇಳಿದೆ. ಎಲ್ಲರದ್ದೂ ಒಂದೇ ಮಾತು: ಎಲ್ಲಿ ಬೋನಸ್ ಜಾಸ್ತಿಯೋ ಅಲ್ಲಿಗೆ ಕಳಿಸು. ನಾನು ಒಂದೊಂದನ್ನೂ ಪರೀಕ್ಷೆ ಮಾಡಿ ಹೇಳುತ್ತೇನೆ ಎಂದೆ. "ಪೆನ್ನಿ ಆಟಕ್ಕೆ ಪರೀಕ್ಷೆ ಬೇರೆ ಕೇಡು! ಸುಮ್ನೆ ಕೂತು ಆಡೋದು ಬಿಟ್ಟು" ಎಂದು ನಕ್ಕರು.

ಬೋನಸ್ ಎಂದರೆ ನನಗೆ ಆಗಲೇ ಪೆಟ್ಟು ಬಿದ್ದಿತ್ತು. ಕೆಲವು ವರ್ಷಗಳ ಹಿಂದೆ ಒಂದು ರೂಮಿನಲ್ಲಿ ಹಾಕಿದಷ್ಟೇ ಬೋನಸ್ ಎಂದಿದ್ದರು. ಆಸೆಗೆ 200 ಪೌಂಡ್ ಹಾಕಿದೆ. ಬೋನಸ್ ಒಟ್ಟಿಗೆ ಬರುವುದಿಲ್ಲ, ನಾವು ಕೊಟ್ಟ ರೇಕ್ (ಆಟದ ಹಣದಲ್ಲಿ ರೂಮ್ ಎತ್ತಿಕೊಳ್ಳುವ ಪಾಲು) ನೋಡಿ ತುಣುಕು ತುಣುಕಾಗಿ ಬಿಡುತ್ತಾರೆ. ಗಡುವು 60 ದಿನ. ಪೆನ್ನಿ ಟೇಬಲ್‌ಗಳಲ್ಲಿ ಸುಮಾರು 25,000 ಹ್ಯಾಂಡ್ (ಒಮ್ಮೆ ಎಲೆ ಹಂಚಿ ಮುಗಿಯುವ ಆಟ) ಆಡಿದೆ. ಕಣ್ಣು ಉರಿ, ಮನೆಯಲ್ಲಿ ಬೈಗುಳ. ರೇಕ್ ಕೊಟ್ಟದ್ದು 40 ಪೌಂಡ್ ಹತ್ತಿರ, ಬೋನಸ್ ಬಂದದ್ದು 14. ಉಳಿದ 186 ಗಡುವು ಮುಗಿದ ದಿನ ಮಾಯ. ಹೊಸಬ ಇಷ್ಟು ಹ್ಯಾಂಡ್ ಆಡುವುದೇ ಇಲ್ಲ. ಅದಕ್ಕೇ ರೂಮ್‌ಗಳಿಗೆ ಅಂಕ ಹಾಕಿದ ನನ್ನ ಶೀಟಿನಲ್ಲಿ ಬೋನಸ್‌ಗೆ ಅಂಕವೇ ಇಲ್ಲ.

ಮೊದಲ ಜರಡಿ ಲೈಸೆನ್ಸ್. ಇಲ್ಲಿ ಜೂಜಿನ ಮೇಲೆ ನಿಗಾ ಇಡುವ ಗ್ಯಾಂಬ್ಲಿಂಗ್ ಕಮಿಷನ್‌ನ ಲೈಸೆನ್ಸ್ ನಂಬರ್ ರೂಮಿನ ಪುಟದ ತಳದಲ್ಲಿ ಇರುತ್ತದೆ. ಅದನ್ನು ಕಮಿಷನ್‌ನ ಪಟ್ಟಿಯಲ್ಲಿ ಹಾಕಿ ನೋಡಲು ಒಂದು ನಿಮಿಷ ಸಾಕು. ಇದನ್ನು ಎಲ್ಲರೂ ಮಾಡುತ್ತಾರೆ. ಆದರೆ ನಿಯಮಗಳ ಒಳಗೆ ಇನ್ನೊಂದು ಸಾಲು ಇರುತ್ತದೆ, ಅದನ್ನು ಯಾರೂ ಓದುವುದಿಲ್ಲ. ಕಂಪನಿ ಮುಳುಗಿದರೆ ಆಟಗಾರರ ಹಣಕ್ಕೆ ಎಷ್ಟು ರಕ್ಷಣೆ ಎಂದು ಅಲ್ಲಿ ಹೇಳಲೇಬೇಕು: ರಕ್ಷಣೆ ಇಲ್ಲ, ಮೀಡಿಯಂ, ಹೈ, ಈ ಮೂರರಲ್ಲಿ ಒಂದು. ಲೈಸೆನ್ಸ್ ಇದ್ದೂ 'ರಕ್ಷಣೆ ಇಲ್ಲ' ಎಂದು ಇರಬಹುದು. ನನ್ನ ಐದರಲ್ಲಿ ಎರಡು ಹಾಗೇ ಇದ್ದವು. ಫುಲ್ ಟಿಲ್ಟ್ ಎಂಬ ಪೋಕರ್ ರೂಮ್ ನೆನಪಿದೆ ಅಲ್ವಾ? 2011ರ ಏಪ್ರಿಲ್ 15ರಂದು ಅಮೆರಿಕ ಸರ್ಕಾರ ಕೇಸು ಹಾಕಿತು. ಆಮೇಲೆ ನೋಡಿದರೆ ಆಟಗಾರರ ಹಣವನ್ನು ಬೇರೆ ಇಟ್ಟೇ ಇರಲಿಲ್ಲ. ಇನ್ನೊಂದು ರೂಮ್, ಪೋಕರ್‌ಸ್ಟಾರ್ಸ್, ಅದನ್ನು ಕೊಂಡುಕೊಂಡ ಮೇಲೆ, 2012ರ ನವೆಂಬರ್‌ನಲ್ಲಿ ಅಮೆರಿಕದ ಹೊರಗಿನವರಿಗೆ ಹಣ ಸಿಕ್ಕಿತು. ಅಮೆರಿಕದವರಿಗೆ ಸಿಗಲು ಶುರುವಾದದ್ದು 2014ರಲ್ಲಿ. 40 ಪೌಂಡ್ ಇಡುವ ಹುಡುಗನಿಗೂ ಇದು ಗೊತ್ತಿರಬೇಕು ಅನ್ನುವುದು ನನ್ನ ಹಟ.

ಎರಡನೆಯದು ನನ್ನದೇ ಪದ್ಧತಿ. 50 ಹಾಕು, ಒಂದು ಸಂಜೆ ಆಡು, ಮಾರನೇ ದಿನವೇ 20 ವಾಪಸ್ ತೆಗೆ. ಗೆದ್ದ ಮೇಲೆ ತೆಗೆಯಲು ಹೋದರೆ ತಡವಾಗುತ್ತದೆ. ಹಣ ಹೊರಗೆ ಬರುವ ದಾರಿ ಮೊದಲೇ ಗೊತ್ತಿರಬೇಕು. ಒಂದು ರೂಮ್ ಆರೇ ಗಂಟೆಯಲ್ಲಿ ಕೊಟ್ಟಿತು. ಎರಡು ರೂಮ್ ಎರಡು ದಿನ ತೆಗೆದುಕೊಂಡವು. ಒಂದರಲ್ಲಿ 11 ದಿನ ಒದ್ದಾಡಿದೆ. ಕಾರಣ ನನ್ನ ಹೆಸರು. ಪಾಸ್‌ಪೋರ್ಟ್‌ನಲ್ಲಿ ಊರಿನ ಹೆಸರು, ಅಪ್ಪನ ಹೆಸರು ಪೂರ್ತಿ ಬಿಡಿಸಿ ಬರೆದಿದೆ. ಬ್ಯಾಂಕ್ ಕಾರ್ಡಿನಲ್ಲಿ ಬರೀ ಇನಿಶಿಯಲ್. ಇಬ್ಬರೂ ಒಬ್ಬರೇ ಎಂದು ನಂಬಿಸಲು ಮೂರು ಸಲ ದಾಖಲೆ ಕಳಿಸಿದೆ. ನಮ್ಮ ಕಡೆಯ ಹೆಸರಿನವರೆಲ್ಲ ಇದನ್ನು ಗಮನದಲ್ಲಿ ಇಟ್ಟುಕೊಳ್ಳಿ. ಖಾತೆ ತೆರೆಯುವಾಗ ಪಾಸ್‌ಪೋರ್ಟ್‌ನಲ್ಲಿ ಇರುವಂತೆಯೇ ಬರೆಯಿರಿ, ಬ್ಯಾಂಕ್ ಸ್ಟೇಟ್‌ಮೆಂಟ್ ಮೊದಲ ದಿನವೇ ಕಳಿಸಿಬಿಡಿ. ನನಗೆ ಕೊನೆಗೆ ನೆರವಿಗೆ ಬಂದದ್ದು ಕಮಿಷನ್‌ನ 2019ರ ಒಂದು ನಿಯಮ. ಮೊದಲೇ ಕೇಳಬಹುದಾಗಿದ್ದ ದಾಖಲೆಯನ್ನು ಹಣ ತೆಗೆಯುವಾಗ ಕೇಳಿ ತಡೆಯುವಂತಿಲ್ಲ ಎಂದು ಅದು ಹೇಳುತ್ತದೆ. ಆ ಸಾಲನ್ನು ಹಾಗೇ ಬರೆದು ಕಳಿಸಿದೆ. ಎರಡನೇ ದಿನ ಹಣ ಬಂತು. ಆ ರೂಮಿಗೆ ಸೊನ್ನೆ ಹಾಕಿದೆ.

ಇನ್ನು ಟೇಬಲ್ ಲೆಕ್ಕ. ಇಲ್ಲೇ ನಾನು ಜಾಸ್ತಿ ಎಡವಿದ್ದು. ಆರು ಜನರ ಟೇಬಲ್ ಪಕ್ಕ ಕೂತು, ಆಡದೆ, ನೂರು ಹ್ಯಾಂಡ್‌ನಲ್ಲಿ ಕೂತವರ ಪೈಕಿ ಶೇಕಡಾ ಎಷ್ಟು ಜನ ಫ್ಲಾಪ್ (ನಡುವೆ ಮೊದಲು ತೆರೆಯುವ ಮೂರು ಎಲೆ) ನೋಡುತ್ತಾರೆ ಎಂದು ಪುಸ್ತಕದಲ್ಲಿ ಗೀಟು ಹಾಕುತ್ತಿದ್ದೆ. ಲಾಬಿಯಲ್ಲಿ (ಟೇಬಲ್ ಆರಿಸುವ ಪುಟದಲ್ಲಿ) ಈ ಅಂಕಿ ಇದ್ದರೆ ಸರಿ, ಇಲ್ಲದಿದ್ದರೆ ಕೈಯಲ್ಲೇ ಎಣಿಸಬೇಕು. ನೂರಕ್ಕೆ 35 ದಾಟಿದರೆ ಹೊಸಬ ಉಸಿರಾಡಬಹುದು. 25ಕ್ಕಿಂತ ಕಡಿಮೆ ಇದ್ದರೆ ಸುತ್ತ ಕೂತವರೆಲ್ಲ ಪಳಗಿದವರೇ. ಮೊದಲ ತಿಂಗಳು ನಾನು ಎಣಿಸಿದ್ದು ಬರೀ ಶನಿವಾರ ರಾತ್ರಿ. ಐದೂ ರೂಮ್ 38, 40 ತೋರಿಸಿದವು. ಖುಷಿಯಿಂದ ಗುಂಪಿಗೆ ಹೇಳಿಯೂ ಬಿಟ್ಟೆ. ಹಾಗಿದ್ದರೆ ಇದರಲ್ಲಿ ಆರಿಸುವುದೇನು ಎಂದು ಒಬ್ಬ ಕೇಳಿದ, ನನ್ನಲ್ಲಿ ಉತ್ತರವಿರಲಿಲ್ಲ.

ಆಮೇಲೆ ಆ ಹುಡುಗರನ್ನೇ ಕೇಳಿದೆ, ನೀವು ಆಡುವುದು ಯಾವಾಗ? ವಾರದ ದಿನ, ರಾತ್ರಿ ಒಂಬತ್ತರಿಂದ ಹನ್ನೊಂದು. ಒಬ್ಬನಿಗೆ ಮಗು ಮಲಗಿದ ಮೇಲೆ ಮಾತ್ರ ಬಿಡುವು. ಸರಿ, ಮಂಗಳವಾರ, ಬುಧವಾರ ಅದೇ ಹೊತ್ತಿಗೆ ಕೂತು ಎಣಿಸಿದೆ. ಚಿತ್ರವೇ ಬದಲಾಯಿತು. ಎರಡು ರೂಮ್ 22ಕ್ಕೆ ಇಳಿದವು. ಒಂದರಲ್ಲಿ ಪೆನ್ನಿ ಟೇಬಲ್ ಮೂರೇ ಇದ್ದವು, ಮೂರರಲ್ಲೂ ಅದೇ ನಾಲ್ಕು ಹೆಸರು. ಲಾಬಿಯಲ್ಲಿ ಮಾತ್ರ ಸಾವಿರಾರು ಜನ ಎಂದು ದೊಡ್ಡದಾಗಿ ಇತ್ತು. ಅದರಲ್ಲಿ ಟೂರ್ನಮೆಂಟಿನವರೂ ಸೇರಿರುತ್ತಾರೆ, ನಾಲ್ಕು ಟೇಬಲ್ ಆಡುವವನು ನಾಲ್ಕು ಜನವಾಗಿರಬಹುದು. ಒಂದೇ ಒಂದು ರೂಮ್ ವಾರದ ದಿನವೂ 34ರಲ್ಲಿ ನಿಂತಿತು. ಒಂದು ಟೇಬಲ್ ಯಾವ ಹೊತ್ತಿಗೆ ಕೆಡುತ್ತದೆ ಎಂದು ಮುಂಚೆಯೇ ತಿಳಿಯುವ ಒಂದು ಗುರುತೂ ಈ ಎಣಿಕೆಯಲ್ಲೇ ನನಗೆ ಸಿಕ್ಕಿತು. ಅದನ್ನು ಇಲ್ಲಿ ಬರೆಯುವುದಿಲ್ಲ. ಅದು ನನ್ನ ಅನ್ನ.

ರೇಕ್ ಬಗ್ಗೆ ಶೇಕಡಾ ಎಷ್ಟು, ಕ್ಯಾಪ್ (ಒಂದು ಹ್ಯಾಂಡ್‌ಗೆ ಗರಿಷ್ಠ ರೇಕ್) ಎಷ್ಟು ಎಂದು ಎಲ್ಲರೂ ಕೇಳುತ್ತಾರೆ. ಪೆನ್ನಿ ಟೇಬಲ್‌ನಲ್ಲಿ ಪಾಟ್ (ನಡುವೆ ಸೇರುವ ಹಣ) ಚಿಕ್ಕದು, ಕ್ಯಾಪ್ ಮುಟ್ಟುವುದೇ ಅಪರೂಪ. ನೋಡಬೇಕಾದದ್ದು ನೂರು ಹ್ಯಾಂಡ್‌ಗೆ ನನ್ನ ಜೇಬಿನಿಂದ ರೇಕ್ ಆಗಿ ಎಷ್ಟು ಬಿಗ್ ಬ್ಲೈಂಡ್ (ಎಲೆ ನೋಡುವ ಮೊದಲೇ ಇಡಬೇಕಾದ ದೊಡ್ಡ ಪಂತ, ಇಲ್ಲಿ ಎರಡು ಪೆನ್ನಿ) ಹೋಯಿತು ಎಂಬುದು. ಕಡಿಮೆ ಇದ್ದ ಕಡೆ 8 ಬಿಗ್ ಬ್ಲೈಂಡ್, ಜಾಸ್ತಿ ಇದ್ದ ಕಡೆ 12. ಕೇಳಲು ಸಣ್ಣದು. ಆದರೆ 10,000 ಹ್ಯಾಂಡ್‌ಗೆ ಗುಣಿಸಿ ನೋಡಿ: ಒಂದು ಕಡೆ 16 ಪೌಂಡ್, ಇನ್ನೊಂದು ಕಡೆ 24. ಎರಡು ಪೌಂಡ್ ಇಟ್ಟುಕೊಂಡು ಕೂರುವ ಟೇಬಲ್‌ನಲ್ಲಿ ನಾಲ್ಕು ಬೈ-ಇನ್ ವ್ಯತ್ಯಾಸ! ನಮ್ಮ ಮಂಡ್ಯದ ಕಡೆ ಹೊಸತೊಡಕಿನ ದಿನ ಇಸ್ಪೀಟಿಗೆ ಕೂತಾಗ ಜಾಗ ಕೊಟ್ಟವನಿಗೆ ಆಟಕ್ಕಿಷ್ಟು ಎಂದು ಎತ್ತಿಡುತ್ತಿದ್ದರು. ಸಂಜೆಗೆ ಎಲ್ಲರೂ ಸೋತವರೇ, ಗೆದ್ದವನು ಜಾಗದವನು. ನನಗೆ ಹತ್ತು ವರ್ಷವಿದ್ದಾಗಲೇ ಅಜ್ಜ ಇದನ್ನು ತೋರಿಸಿದ್ದರು.

ಇಲ್ಲಿ ಗುಂಪಿನವರ ಜೊತೆ ದೊಡ್ಡ ವಾದವೇ ಆಯಿತು. "ನೀನು ಅಲ್ಲಿ ಗೆದ್ದೆಯೋ ಸೋತೆಯೋ ಅಷ್ಟು ಹೇಳು" ಎನ್ನುತ್ತಾರೆ. ಮೂರು ಸಾವಿರ ಹ್ಯಾಂಡ್‌ನಲ್ಲಿ ನಾನು ಗೆದ್ದದ್ದು ಏನನ್ನೂ ಹೇಳುವುದಿಲ್ಲ. ನಾನು ಅತಿ ಜಾಸ್ತಿ, 11 ಪೌಂಡ್, ಗೆದ್ದದ್ದು ಆ ಸೊನ್ನೆ ಹಾಕಿದ ರೂಮಿನಲ್ಲೇ. ರೇಕ್ ಹಾಗಲ್ಲ, ಅಷ್ಟು ಹ್ಯಾಂಡ್‌ಗೆ ಅದು ಒಂದು ಅಂಕಿಗೆ ಬಂದು ನಿಲ್ಲುತ್ತದೆ. ಅದಕ್ಕೇ ಅದನ್ನು ನಂಬಿದೆ.

ನಡುವೆ ಒಂದೆರಡು ಬೇರೆ ಪ್ರಯೋಗವನ್ನೂ ಮಾಡಿದೆ. ಫೋಲ್ಡ್ ಮಾಡಿದ (ಎಲೆ ಕೆಳಗಿಟ್ಟು ಆಟ ಬಿಟ್ಟ) ಕೂಡಲೇ ಬೇರೆ ಟೇಬಲ್‌ಗೆ ಎತ್ತಿ ಹಾಕುವ ಫಾಸ್ಟ್ ಆಟದಲ್ಲಿ ಎಲ್ಲರೂ ಒಳ್ಳೆ ಎಲೆಗೇ ಕಾಯುತ್ತಾರೆ, ಹೊಸಬರಿಗೆ ಬೇಡವೇ ಬೇಡ. ಇನ್ನೊಂದು, ನನ್ನ ಹೆಂಡತಿಯ ಕೈಗೆ ಫೋನ್ ಕೊಟ್ಟದ್ದು. ಅವಳಿಗೆ ಪೋಕರ್ ಬರುವುದಿಲ್ಲ. "ತಿಂಗಳಿಗೆ 40 ಪೌಂಡ್‌ಗಿಂತ ಜಾಸ್ತಿ ಹಾಕದ ಹಾಗೆ ಮಿತಿ ಇಡು" ಎಂದೆ. ಒಂದು ರೂಮಿನಲ್ಲಿ ಎರಡು ನಿಮಿಷ. ಇನ್ನೊಂದರಲ್ಲಿ ಕಾಲು ಗಂಟೆ ಹುಡುಕಿ, "ಇವರಿಗೆ ಇದನ್ನ ಯಾರೂ ಮಾಡಬಾರದು ಅಂತಲೇ ಇದೆ" ಎಂದು ಫೋನ್ ಕೆಳಗಿಟ್ಟಳು. ಆ ಮಾತನ್ನು ಹಾಗೇ ಶೀಟಿನಲ್ಲಿ ಹಾಕಿದ್ದೇನೆ.

ಬೆಂಗಳೂರಿನಿಂದ ನನ್ನ ಹೆಂಡತಿಯ ತಮ್ಮ, "ಭಾವ, ನಮಗೂ ಒಂದು ಆ್ಯಪ್ ಹೇಳಿ" ಎಂದ. ಹೇಳುವುದಿಲ್ಲ ಎಂದೆ. 2025ರ ಆಗಸ್ಟ್‌ನ ಕೇಂದ್ರದ ಕಾನೂನು ಬಂದ ಮೇಲೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟ ಭಾರತದಲ್ಲಿ ನಡೆಸುವಂತಿಲ್ಲ. ಅದಕ್ಕೂ ಮೊದಲೇ, 2023ರ ಅಕ್ಟೋಬರ್‌ನಿಂದ ಹಾಕುವ ಹಣದ ಮೇಲೆ 28% ಜಿಎಸ್‌ಟಿ ಇತ್ತು. ಗೆದ್ದದ್ದರಲ್ಲಿ 30% ತೆರಿಗೆ ಬೇರೆ. ಇಲ್ಲಿ ಇಂಗ್ಲೆಂಡಿನಲ್ಲಿ ಆಟಗಾರ ಗೆದ್ದದ್ದಕ್ಕೆ ತೆರಿಗೆ ಇಲ್ಲ. ಹಾಗಾಗಿ ನನ್ನ ಲೆಕ್ಕ ಇಲ್ಲಿನವರಿಗೆ ಮಾತ್ರ.

ಕೊನೆಗೆ ಹುಡುಗರನ್ನು ಕಳಿಸಿದ್ದು ಬೋನಸ್‌ನಲ್ಲಿ ಐದರಲ್ಲೇ ಕಡೆಯ ರೂಮಿಗೆ. ಹಣ ಆರು ಗಂಟೆಯಲ್ಲಿ ಕೊಟ್ಟದ್ದೂ ಅದೇ, ವಾರದ ದಿನ 34 ತೋರಿಸಿದ್ದೂ ಅದೇ, ರೇಕ್ 8 ಇದ್ದದ್ದೂ ಅದೇ. ತಲಾ 40 ಪೌಂಡ್ ಇಟ್ಟು ಶುರು ಮಾಡಿದರು. ನಾಲ್ಕು ತಿಂಗಳಾಯಿತು, ಇಬ್ಬರೂ ಇನ್ನೊಮ್ಮೆ ಹಣ ಹಾಕಿಲ್ಲ. ಒಬ್ಬನ ಬಳಿ 33 ಉಳಿದಿದೆ, ಇನ್ನೊಬ್ಬ 60 ದಾಟಿದ್ದಾನೆ. ಅದೇ ಹೊತ್ತಿಗೆ ನಮ್ಮ ಗುಂಪಿನವನೊಬ್ಬ ದೊಡ್ಡ ಬೋನಸ್ ನೋಡಿ ತನ್ನ ತಮ್ಮನನ್ನು ಬೇರೆ ರೂಮಿಗೆ ಸೇರಿಸಿದ್ದ. 100 ಪೌಂಡ್ ಐದು ವಾರಕ್ಕೆ ಮುಗಿಯಿತು. ಅವನೇ ಹೋದ ಭಾನುವಾರ ನನ್ನನ್ನು ಪಕ್ಕಕ್ಕೆ ಕರೆದು ಶೀಟ್ ಕೇಳಿದ. ಕೊಟ್ಟೆ, ಒಂದು ಕಾಲಂ ಅಳಿಸಿ. ಈ ಮಂಗಳವಾರ ರಾತ್ರಿ ಒಂಬತ್ತಕ್ಕೆ ನಾವಿಬ್ಬರೂ ಕೂತು ಆರನೇ ರೂಮ್ ಎಣಿಸುತ್ತೇವೆ.